ಸೈರನ್ ಕೂಗಿದಾಗ ಅಪ್ಪ-ಅಮ್ಮ ಎಲ್ಲಿಗೆ ಹೋಗಬೇಕು?

ಟೆಕ್ಸಾಸ್, ಒಕ್ಲಹೋಮಾ, ಮಿಸೌರಿ, ಇಲಿನಾಯ್ ಕಡೆ ನೆಲೆಸಿರುವ ಕನ್ನಡಿಗರಲ್ಲಿ ಒಂದು ವಿನಂತಿ.

ಬಾಣಂತನಕ್ಕೆಂದೋ ಮೊಮ್ಮಕ್ಕಳನ್ನು ನೋಡಲೆಂದೋ ಊರಿನಿಂದ ಅಪ್ಪ-ಅಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಬರುತ್ತಾರೆ. ಈ ರಾಜ್ಯಗಳಲ್ಲಿ ಟಾರ್ನೆಡೊ ಹೆಚ್ಚಾಗಿ ಏಳುವುದೂ ಆಗಲೇ. ನೀವು ಆಫೀಸಿಗೆ ಹೋದರೆ ಮನೆಯಲ್ಲಿ ಅವರಿಬ್ಬರೇ. ಮೋಡ ಕಪ್ಪಿಟ್ಟರೆ ಒಲೆ ಆರಿಸಿ, ಬಾಗಿಲು ತೆಗೆದು, ಹೊರಗೆ ನಿಂತು ಆಕಾಶ ನೋಡುವುದು ನಮ್ಮ ಹಿರಿಯರ ಅಭ್ಯಾಸ. ಟಾರ್ನೆಡೊ ಬರುವ ಹೊತ್ತಿನಲ್ಲಿ ಅದು ಪ್ರಾಣಕ್ಕೇ ಕುತ್ತು.

1925ರ ಮಾರ್ಚ್ 18ರಂದು ಮಿಸೌರಿಯಲ್ಲಿ ಎದ್ದ ಟಾರ್ನೆಡೊ ಇಲಿನಾಯ್ ದಾಟಿ ಇಂಡಿಯಾನಾವರೆಗೆ ಸುಮಾರು 350 ಕಿ.ಮೀ. ಓಡಿ 695 ಜನರನ್ನು ಕೊಂದಿತು. ಅಮೆರಿಕದಲ್ಲಿ ಇಷ್ಟು ಜೀವ ತೆಗೆದ ಟಾರ್ನೆಡೊ ಇನ್ನೊಂದಿಲ್ಲ. ಜನ ಗಾಬರಿಯಾದಾರೆಂದು ಅಂದಿನ ಹವಾಮಾನ ಇಲಾಖೆ ಮುನ್ಸೂಚನೆಯಲ್ಲಿ ಟಾರ್ನೆಡೊದ ಹೆಸರೆತ್ತುತ್ತಲೇ ಇರಲಿಲ್ಲ. ಈಗ ರೇಡಾರ್ ಇದೆ, ಸೈರನ್ ಇದೆ. ಆದರೂ 2011ರ ಮೇ 22ರಂದು ಮಿಸೌರಿಯ ಜಾಪ್ಲಿನ್‌ನಲ್ಲಿ 150ಕ್ಕೂ ಹೆಚ್ಚು ಜನ ಸತ್ತರು. ಮೊದಲ ಸೈರನ್ ಕೇಳಿಯೂ ಅನೇಕರು ಕದಲದೆ, ನಿಜವೋ ಸುಳ್ಳೋ ಎಂದು ಖಾತ್ರಿ ಮಾಡಿಕೊಳ್ಳಲು ಕಾದಿದ್ದರೆಂದು ಆಮೇಲಿನ ಸಮೀಕ್ಷೆಯಲ್ಲಿ ತಿಳಿಯಿತು. ಊರಿನವರೇ ಹೀಗೆ ಕಾದರೆ, ಮೊನ್ನೆಯಷ್ಟೇ ವಿಮಾನ ಇಳಿದ ಅಮ್ಮನಿಗೆ ಆ ಕೂಗು ಏನೆಂದು ಹೇಗೆ ತಿಳಿಯಬೇಕು?

ಇವತ್ತೇ ಅವರನ್ನು ಕರೆದುಕೊಂಡು ಮನೆಯಲ್ಲಿ ಒಂದು ಸುತ್ತು ಹಾಕಿ. ನೆಲಮಾಳಿಗೆ ಇದ್ದರೆ ಅಲ್ಲಿಗೆ. ಟೆಕ್ಸಾಸ್‌ನ ಬಹುತೇಕ ಮನೆಗಳಲ್ಲಿ ಅದಿಲ್ಲ, ಅಲ್ಲಿ ಕೆಳ ಅಂತಸ್ತಿನ ನಟ್ಟನಡುವಿನ, ಕಿಟಕಿಯಿಲ್ಲದ ಬಚ್ಚಲುಮನೆ ಅಥವಾ ಬಟ್ಟೆ ಇಡುವ ಕ್ಲಾಸೆಟ್. ಒಳಗೆ ಕೂರಿಸಿ ನೋಡಿ. ಮಂಡಿ ನೋವಿನವರಿಗೆ ಒಂದು ಗಿಡ್ಡ ಸ್ಟೂಲ್, ತಲೆಗೆ ಸೈಕಲ್ ಹೆಲ್ಮೆಟ್, ಚಪ್ಪಲಿಯಲ್ಲ ಬೂಟು, ದಿನದ ಮಾತ್ರೆ, ಟಾರ್ಚು ಅಲ್ಲೇ ಇರಲಿ. ವೈಫೈ ಮೇಲಷ್ಟೇ ನಡೆಯುವ ಫೋನಿಗೆ ಸರ್ಕಾರದ ತುರ್ತು ಎಚ್ಚರಿಕೆ ಬಾರದೆ ಹೋಗಬಹುದು. ಅಮೆರಿಕದ ಸಿಮ್ ಹಾಕಿಸಿಕೊಡಿ. ಸೈರನ್ ಇರುವುದು ಬಯಲಲ್ಲಿರುವವರಿಗಾಗಿ, ಮನೆಯೊಳಗೆ ಕೇಳಿಸೀತೆಂಬ ಭರವಸೆಯಿಲ್ಲ.

ಇನ್ನು ನಿಮ್ಮ ವಿಚಾರ. 2013ರ ಮೇ 31ರಂದು ಒಕ್ಲಹೋಮಾದ ಎಲ್ ರೀನೊ ಬಳಿ ಎದ್ದ ಟಾರ್ನೆಡೊದ ಅಗಲ ನಾಲ್ಕು ಕಿ.ಮೀ.ಗೂ ಹೆಚ್ಚು, ಅದು ಇಂದಿಗೂ ದಾಖಲೆ. ಅದಕ್ಕೆ ಬಲಿಯಾದ ಎಂಟೂ ಮಂದಿ ವಾಹನಗಳಲ್ಲಿದ್ದವರು. ಟಾರ್ನೆಡೊಗಳ ಅಧ್ಯಯನದಲ್ಲೇ ಪಳಗಿದ್ದ ಟಿಮ್ ಸಮಾರಸ್ ಕೂಡ ಅವರಲ್ಲೊಬ್ಬರು. ಅಪ್ಪ-ಅಮ್ಮ ಇಬ್ಬರೇ ಇದ್ದಾರೆಂದು ಕಾರು ಹತ್ತಿ ಹೊರಡಬೇಡಿ. ಫೋನ್ ಮಾಡಿ ಅವರನ್ನು ಆ ಕೋಣೆಗೆ ಕಳಿಸಿ, ನೀವು ಆಫೀಸಿನ ಕೆಳ ಅಂತಸ್ತಿಗೆ ಇಳಿಯಿರಿ.