ಪೊರೆ ಬಲಿತಿಲ್ಲ, ಆಮೇಲೆ ಬನ್ನಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ನಮ್ಮ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಲ್ಲಿ ವಯಸ್ಸಾದವರ ಕಣ್ಣು ಮಬ್ಬಾದರೆ ಕಾಯಿಲೆಗೆ ಇರೋದು ಒಂದೇ ಹೆಸರು: ಪೊರೆ. ಕ್ಯಾಂಪಿಗೆ ಹೋಗು, ಟಾರ್ಚ್ ಬಿಡಿಸ್ಕೋ, ಬೋರ್ಡ್ ಓದು, ಮನೆಗೆ ಬಾ.

ನಮ್ಮ ದೊಡ್ಡಪ್ಪನೂ ಹೋಗಿದ್ರು. "ಎಡಗಣ್ಣಲ್ಲಿ ಮಿಂಚು ಹೊಡ್ದಂಗಾಗ್ತೈತೆ ಕಣಪ್ಪ, ಒಂದು ಮಗ್ಗುಲಿಂದ ಪರದೆ ಬಿಟ್ಟಂಗೈತೆ" ಅಂತ ಫೋನಲ್ಲಿ ಹೇಳಿದ್ರು. ಕ್ಯಾಂಪಿನವರು ಪೊರೆ ಇನ್ನೂ ಬಲಿತಿಲ್ಲ, ಆಮೇಲೆ ಬನ್ನಿ ಅಂದಿದ್ರಂತೆ. ನಾನು ಮೀಟಿಂಗಲ್ಲಿದ್ದೆ. ಕನ್ನಡಕದ ದುಡ್ಡು ಕಳಿಸಿ ಕೈ ತೊಳ್ಕೊಂಡೆ.

ಎಂಟು ತಿಂಗಳಾದ ಮೇಲೆ ಬೆಂಗಳೂರಲ್ಲಿ ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿ ಒಳಗೆ ನೋಡಿದಾಗ ಗೊತ್ತಾಯ್ತು: ಮೆಲನೋಮ. ಬಣ್ಣ ಕೊಡುವ ಜೀವಕೋಶಗಳಲ್ಲೇ ಹುಟ್ಟುವ ಕ್ಯಾನ್ಸರ್. ರೆಟಿನಾದ ಹಿಂದಿನ ಪದರದಲ್ಲಿ ನೋವೇ ಇಲ್ಲದೆ ಬೆಳೆಯುತ್ತೆ. ಹರಡಿದರೆ ಹೆಚ್ಚಾಗಿ ಲಿವರ್‌ಗೆ.

ಬೇಗ ಸಿಕ್ಕಿದ್ದರೆ ಕಣ್ಣು ಉಳಿಸೋ ದಾರಿ ಇತ್ತು. ವಿಕಿರಣ ಸೂಸುವ ಪುಟ್ಟ ಬಿಲ್ಲೆಯನ್ನು ಕಣ್ಣಿನ ಹೊರಗೋಡೆಗೆ ಹೊಲಿದು, ಕೆಲವು ದಿನ ಬಿಟ್ಟು ತೆಗೀತಾರೆ. ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರ ರುಥೇನಿಯಂ-106 ಬಿಲ್ಲೆಗಳನ್ನು ದೇಶದಲ್ಲೇ ತಯಾರಿಸಿದೆ. ಮಧ್ಯಮ ಗಾತ್ರದ ಗೆಡ್ಡೆಯಿದ್ದ 1,317 ಜನರ ಮೇಲೆ ಅಮೆರಿಕ, ಕೆನಡಾದಲ್ಲಿ ನಡೆದ ಅಧ್ಯಯನದಲ್ಲಿ, ಬಿಲ್ಲೆ ಹಾಕಿಸಿಕೊಂಡವರೂ ಕಣ್ಣು ತೆಗೆಸಿಕೊಂಡವರೂ ಬದುಕುಳಿದ ಪ್ರಮಾಣ ಹೆಚ್ಚುಕಮ್ಮಿ ಒಂದೇ ಇತ್ತು. ದೊಡ್ಡಪ್ಪನ ಗೆಡ್ಡೆ ಆ ಗಾತ್ರ ದಾಟಿತ್ತು. ಕಣ್ಣು ತೆಗೆದ್ರು. ಈಗ ಆರು ತಿಂಗಳಿಗೊಮ್ಮೆ ಲಿವರ್ ಸ್ಕ್ಯಾನ್.

"ಅಪರೂಪದ ಕಾಯಿಲೆ ಗುರೂ, ಅದಕ್ಕೆಲ್ಲ ಕ್ಯಾಂಪ್ ನಡೆಸಕ್ಕಾಗುತ್ತಾ?" ಅಂತ ಗೆಳೆಯರೊಬ್ಬರು ಕೇಳಿದ್ರು. ಅಪರೂಪವೇ. ಬಿಳಿಯರಲ್ಲೇ ವರ್ಷಕ್ಕೆ ಹತ್ತು ಲಕ್ಷಕ್ಕೆ ಐದಾರು ಜನ, ನಮ್ಮಲ್ಲಿ ಇನ್ನೂ ಕಮ್ಮಿ. ಆದರೆ ಶುಗರ್ ಅಪರೂಪವಾ? ಶುಗರ್‌ನಿಂದ ಹಾಳಾಗೋ ರೆಟಿನಾ ಕಾಣೋದೂ ಅದೇ ಡ್ರಾಪ್ಸ್ ಹಾಕಿ ನೋಡಿದಾಗಲೇ. ಡ್ರಾಪ್ಸ್ ಹಾಕಿದ್ರೆ ಕೆಲವು ಗಂಟೆ ಕಣ್ಣು ಮಂಜಾಗುತ್ತೆ, ಕ್ಯೂ ನಿಧಾನವಾಗುತ್ತೆ. ಆಗಲಿ. ದಿನಕ್ಕೆ ಎಷ್ಟು ತಲೆ ಎಣಿಸಿದ್ವಿ ಅನ್ನೋದು ಸಾಧನೆಯಲ್ಲ. ಎಷ್ಟು ಕಣ್ಣಿನ ಒಳಗೆ ನೋಡಿದ್ವಿ ಅನ್ನೋದು ಸಾಧನೆ.

ಪಾವಗಡದಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಕಟ್ಟಿದೀವಿ. ಅಲ್ಲಿನ ಬಿಸಿಲು ಕರೆಂಟಾಗಿ ತಂತಿ ಹಿಡಿದು ಊರೂರಿಗೆ ಹೋಗುತ್ತೆ. ಅದೇ ಪಾವಗಡದ ಅಜ್ಜಿಯ ರೆಟಿನಾ ಫೋಟೋ ಬೆಂಗಳೂರಿನ ತಜ್ಞರ ಸ್ಕ್ರೀನಿಗೆ ಬರೋದು ಅಷ್ಟು ಕಷ್ಟನಾ? ಆ್ಯಪ್ ಬರೆಯೋ ನಮಗೆ ಉತ್ತರ ಗೊತ್ತು. ತಾಲ್ಲೂಕು ಆಸ್ಪತ್ರೆಗೊಂದು ಫಂಡಸ್ ಕ್ಯಾಮೆರಾ, ಅದನ್ನು ನಡೆಸೋ ಒಬ್ಬರು. ಇದನ್ನು ನಾವು ಕೇಳಲೇಬೇಕು.

ಅಲ್ಲಿವರೆಗೆ, ಈ ಭಾನುವಾರ ಊರಿಗೆ ಫೋನ್ ಮಾಡಿದಾಗ "ಕಣ್ಣು ತೋರಿಸಿದ್ರಾ?" ಅಂತಷ್ಟೇ ಕೇಳಿ ಇಡಬೇಡಿ. "ಡ್ರಾಪ್ಸ್ ಹಾಕಿ ಒಳಗೆ ನೋಡಿದ್ರಾ?" ಅಂತ ಕೇಳಿ. ನಾನು ಕೇಳಲಿಲ್ಲ.