ಸ್ವೀಡನ್ ಕೇಬಲ್ ಬೇಡ ಅಂದದ್ದು ಸರೀನೇ

ಗ್ರಿಡ್ ದೊಡ್ಡದಾದಷ್ಟೂ ಒಳ್ಳೇದು ಅಂತ ಪವರ್ ಸಿಸ್ಟಮ್ಸ್ ಕ್ಲಾಸಲ್ಲಿ ಓದ್ತೀವಿ. ಹಾಗಾಗಿ 2024ರ ಜೂನ್‌ನಲ್ಲಿ ಸ್ವೀಡನ್ ಸರ್ಕಾರ, ಜರ್ಮನಿಗೆ ಹಾಕಬೇಕಿದ್ದ 700 ಮೆಗಾವ್ಯಾಟ್‌ನ ‘ಹನ್ಸಾ ಪವರ್‌ಬ್ರಿಜ್’ ಸಮುದ್ರ ಕೇಬಲ್‌ಗೆ ಅನುಮತಿ ಇಲ್ಲ ಅಂದಾಗ ನನಗೆ ಇದು ಬರೀ ಸ್ವಾರ್ಥ ಅನ್ನಿಸಿತ್ತು. ಒಳಗಿನ ಲೆಕ್ಕ ನೋಡಿದ ಮೇಲೆ ಅಭಿಪ್ರಾಯ ಬದಲಾಯ್ತು.

ಸ್ವೀಡನ್‌ನಲ್ಲಿ 2011ರಿಂದ ನಾಲ್ಕು ಬೆಲೆ ವಲಯಗಳಿವೆ. ಜಲವಿದ್ಯುತ್ ಹೆಚ್ಚಾಗಿ ಉತ್ತರದಲ್ಲಿ, ಜನ ದಕ್ಷಿಣದಲ್ಲಿ. ಮಧ್ಯದ ಲೈನ್‌ಗಳು ತುಂಬಿದರೆ ದಕ್ಷಿಣದವರಿಗೆ ಕರೆಂಟ್ ದುಬಾರಿ. ಜರ್ಮನಿಯಲ್ಲೂ ಗಾಳಿ ವಿದ್ಯುತ್ ಉತ್ತರದಲ್ಲಿ, ದೊಡ್ಡ ಕಾರ್ಖಾನೆಗಳು ಬವೇರಿಯಾದಂಥ ದಕ್ಷಿಣದ ರಾಜ್ಯಗಳಲ್ಲಿ. ಆದರೆ ಇಡೀ ದೇಶಕ್ಕೆ ಒಂದೇ ಬೆಲೆ! ಮಾರುಕಟ್ಟೆಯ ಪ್ರಕಾರ ಹ್ಯಾಂಬರ್ಗ್‌ಗೂ ಮ್ಯೂನಿಕ್‌ಗೂ ನಡುವೆ ಲೈನ್ ಲಿಮಿಟ್ಟೇ ಇಲ್ಲ. ಫಿಸಿಕ್ಸ್ ಒಪ್ಪಬೇಕಲ್ಲ? ಕೊನೆಗೆ ಉತ್ತರದ ಟರ್ಬೈನ್ ನಿಲ್ಲಿಸಿ, ದಕ್ಷಿಣದಲ್ಲಿ ಬೇರೆ ಪ್ಲಾಂಟ್ ಓಡಿಸಿ, ಖರ್ಚನ್ನು ಗ್ರಾಹಕರ ಮೇಲೆ ಹಾಕ್ತಾರೆ.

ನಮಗೇನೂ ಇದು ಹೊಸದಲ್ಲ. 2013ರ ಕೊನೇ ದಿನ ರಾಯಚೂರು–ಸೋಲಾಪುರ 765 ಕೆವಿ ಲೈನ್ ದಕ್ಷಿಣ ಗ್ರಿಡ್ಡನ್ನು ಉಳಿದ ದೇಶಕ್ಕೆ ಜೋಡಿಸಿದ ಮೇಲೂ, ಲೈನ್ ಸಾಲದಾದಾಗ ಪವರ್ ಎಕ್ಸ್‌ಚೇಂಜಲ್ಲಿ ದಕ್ಷಿಣದ ರೇಟೇ ಬೇರೆ ಇರ್ತಿತ್ತು.

ಹೊಸ ಕೇಬಲ್ ಮುಟ್ಟೋದು ಜರ್ಮನಿಯ ಉತ್ತರವನ್ನ. ಅಲ್ಲಿ ಎಷ್ಟೇ ಗಾಳಿ ಇದ್ದರೂ ಬೆಲೆ ಮಾತ್ರ ಇಡೀ ಜರ್ಮನಿಯದ್ದು. ಆ ಬೆಲೆಯ ಎಳೆತ ದಕ್ಷಿಣ ಸ್ವೀಡನ್‌ಗೂ ತಟ್ಟುತ್ತೆ. ಮೊದಲು ನಿಮ್ಮ ಮಾರುಕಟ್ಟೆ ಸರಿಮಾಡಿ, ಆಮೇಲೆ ಕೇಬಲ್ ಅನ್ನೋದು ಇಂಧನ ಸಚಿವೆ ಎಬ್ಬಾ ಬುಶ್ ಅವರ ವಾದ. ಇದರಲ್ಲಿ ತಪ್ಪೇನಿದೆ?

ಅವರ ಇನ್ನೊಂದು ವಾದ ಮಾತ್ರ ನಾನು ಪೂರ್ತಿ ಒಪ್ಪಲ್ಲ. 2024ರ ಡಿಸೆಂಬರ್‌ನಲ್ಲಿ ಗಾಳಿ ನಿಂತು ಬೆಲೆ ಏರಿದಾಗ, ಜರ್ಮನಿ ಅಣುಸ್ಥಾವರ ಮುಚ್ಚಿದ್ದಕ್ಕೆ ಹೀಗಾಯ್ತು ಅಂತ ಸಿಟ್ಟಾದರು. ಜರ್ಮನಿ ಕೊನೇ ಮೂರನ್ನು 2023ರ ಏಪ್ರಿಲ್‌ನಲ್ಲಿ ಮುಚ್ಚಿದ್ದು ನಿಜ. ಆದರೆ ಸ್ವೀಡನ್ 2005ರಲ್ಲೇ ಬಾರ್ಸೆಬೆಕ್ ಸ್ಥಾವರದ ಕೊನೇ ರಿಯಾಕ್ಟರ್ ನಿಲ್ಲಿಸಿತ್ತು. ಅದಿದ್ದದ್ದು ಈಗ ದುಬಾರಿ ಬಿಲ್ ಕಟ್ಟುವ ಅದೇ ದಕ್ಷಿಣ ತುದಿಯಲ್ಲಿ! ಹಿಂದಿನ ಸರ್ಕಾರಗಳ ತೀರ್ಮಾನ, ಸರಿ, ಆದರೂ ಬೈಗುಳ ಪೂರ್ತಿ ಜರ್ಮನಿಗೇ ಯಾಕೆ?

ಯುರೋಪಿನ ಟ್ರಾನ್ಸ್‌ಮಿಷನ್ ಸಂಸ್ಥೆಗಳ 2025ರ ಅಧ್ಯಯನ, ಜರ್ಮನಿಯನ್ನು ಐದು ವಲಯ ಮಾಡಿದರೆ ಲಾಭ ಅಂದಿತು. ದಕ್ಷಿಣದ ಕಾರ್ಖಾನೆಗಳ ಬಿಲ್ ಏರುತ್ತೆ ಅನ್ನೋ ಭಯದಲ್ಲಿ ಬರ್ಲಿನ್ ಒಪ್ಪಿಲ್ಲ. ಅದು ಒಪ್ಪುವ ತನಕ ಸ್ವೀಡನ್ ಈ ಕೇಬಲ್ ತಡೆದು ಇಟ್ಟರೆ ನಾನಂತೂ ಸ್ವಾರ್ಥ ಅನ್ನಲ್ಲ.