ಸೂಜಿಚಿಕಿತ್ಸೆ ಕಲಿಯಹೊರಟವರು

ಆರಿದ್ರಾ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಮಧ್ಯಾಹ್ನ ಹೆತ್ತೂರಿನ ಭಕ್ತರೊಬ್ಬರ ಮನೆಯಲ್ಲಿ ಪ್ರಸಾದ ಸ್ವೀಕರಿಸಿ ಕುಳಿತಿದ್ದೆ. ಆ ಮನೆಯ ಹಿರಿಯ ಮಗಳು ಪಿ.ಯು.ಸಿ. ಮುಗಿಸಿದ್ದಾಳೆ. ಉಜಿರೆಯ ಪ್ರಕೃತಿ ಚಿಕಿತ್ಸಾ ಕಾಲೇಜಿಗೆ ಸೇರಿ, ಮುಂದೆ ಅಕ್ಯುಪಂಕ್ಚರ್ ಚಿಕಿತ್ಸೆ ನೀಡುವ ವೈದ್ಯೆಯಾಗಬೇಕೆಂಬುದು ಅವಳ ಹಂಬಲ. ಬಿಸಿಲೆ ಘಾಟಿ ಇಳಿದು ಸುಬ್ರಹ್ಮಣ್ಯ, ಧರ್ಮಸ್ಥಳಗಳನ್ನು ದಾಟಿದರೆ ಉಜಿರೆ, ದೂರವೇನೂ ಅಲ್ಲ. ಆದರೆ ಕಾಫಿ ತೋಟದ ಯಜಮಾನರಾದ ತಂದೆಯವರಿಗೆ ಮನಸ್ಸಿರಲಿಲ್ಲ.

“ಸೂಜಿ ಚುಚ್ಚೋದು ಕಲಿಯೋಕೆ ಐದೂವರೆ ವರ್ಷ ಬೇಕಾ ಶಾಸ್ತ್ರಿಗಳೇ? ಪೇಟೇಲಿ ಹದಿನೈದು ದಿವಸಕ್ಕೇ ಕಲಿಸಿ ಸರ್ಟಿಫಿಕೇಟು ಕೊಡ್ತಾರಂತೆ. ಅಷ್ಟು ಕಲಿತರೆ ಸಾಲದಾ?” ಎಂದರು. ಹುಡುಗಿ ಬಾಗಿಲ ಬಳಿ ನಿಂತು ಕೇಳುತ್ತಿದ್ದಳು.

ಆ ಹದಿನೈದು ದಿವಸದ ಮಾತಿಗೆ ನಾನು ಸುಮ್ಮನಿರಲಾಗಲಿಲ್ಲ. ಕೆಲವು ವರ್ಷಗಳ ಹಿಂದೆ ಮಂಡಿನೋವಿನಿಂದ ಬಳಲುತ್ತಿದ್ದಾಗ ಅಂತಹುದೇ ಅಲ್ಪಕಾಲದ ಶಿಕ್ಷಣ ಪಡೆದ ಒಬ್ಬರ ಬಳಿಗೆ ನಾನು ಹೋಗಿದ್ದೆ. ಅವರು ಸೂಜಿ ಹಾಕಿದರು, ನೋವು ತಗ್ಗಿತು. ಅದೇ ವಿಶ್ವಾಸದಲ್ಲಿ, ಸಕ್ಕರೆ ಕಾಯಿಲೆಯ ಮಾತ್ರೆಗಳನ್ನೂ ನಿಲ್ಲಿಸಿಬಿಡಿ ಎಂದು ಅವರೆಂದಾಗ ನಿಲ್ಲಿಸಿಬಿಟ್ಟೆ. ಮಠದಲ್ಲಿ ತರ್ಕಶಾಸ್ತ್ರ ಓದಿದ್ದವನು ಒಂದು ಮರುಪ್ರಶ್ನೆಯನ್ನೂ ಕೇಳಲಿಲ್ಲ! ಮೂರನೆಯ ವಾರದಲ್ಲಿ ಆಸ್ಪತ್ರೆ ಸೇರಿದೆ. ಅಂಗಾಲಿನಲ್ಲಿ ಎದ್ದ ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು. ನೋವು ತಗ್ಗಿಸಿದ ಸೂಜಿಯನ್ನು ನಾನು ದೂಷಿಸಲಾರೆ. ಆದರೆ ಸೂಜಿ ಹಿಡಿದವರಿಗೆ ದೇಹದ ಉಳಿದ ವ್ಯಾಪಾರಗಳು ತಿಳಿದಿರಲಿಲ್ಲ.

ಈ ವಿದ್ಯೆ ನಮ್ಮ ದೇಶಕ್ಕೆ ಬಂದ ಬಗೆಯನ್ನು ತಂದೆಯವರಿಗೆ ಹೇಳಿದೆ. ನಮ್ಮ ಓದುಗರೂ ಅದನ್ನು ಅರಿಯುವುದು ಒಳ್ಳೆಯದು. ಜಪಾನಿನ ದಾಳಿಗೆ ಸಿಕ್ಕಿದ್ದ ಚೀನಾಕ್ಕೆ 1938ರಲ್ಲಿ ಭಾರತದಿಂದ ಐವರು ವೈದ್ಯರ ತಂಡವೊಂದು ಹೋಯಿತು. ಅದರಲ್ಲಿ ಡಾ. ದ್ವಾರಕಾನಾಥ ಕೋಟ್ನಿಸ್ ಒಬ್ಬರು. ಅವರು ಸೊಲ್ಲಾಪುರದವರು; ಸಿದ್ಧರಾಮೇಶ್ವರರ ಆ ಸೊನ್ನಲಿಗೆಯೇ, ಇಂದಿಗೂ ಕನ್ನಡ ಕೇಳಿಬರುವ ಊರು. ಯುದ್ಧಭೂಮಿಯಲ್ಲಿ ಗಾಯಾಳುಗಳಿಗೆ ಹಗಲಿರುಳು ಶಸ್ತ್ರಚಿಕಿತ್ಸೆ ಮಾಡುತ್ತ, ಹಿಂದಿರುಗದೆ, 1942ರ ಡಿಸೆಂಬರ್ 9ರಂದು ಅಲ್ಲಿಯೇ ತೀರಿಕೊಂಡರು. ಆಗ ಅವರಿಗೆ ಮೂವತ್ತೆರಡು ವರ್ಷ. ಅವರ ಹೆಸರನ್ನು ಎಲ್ಲರೂ ಬಲ್ಲರು. ಸೂಜಿಚಿಕಿತ್ಸೆಯನ್ನು ತಂದವರು ಅದೇ ತಂಡದ ಇನ್ನೊಬ್ಬ ಸದಸ್ಯ, ಕಲ್ಕತ್ತೆಯ ಡಾ. ಬಿಜಯಕುಮಾರ ಬಸು. ಅವರು 1943ರಲ್ಲಿ ಸ್ವದೇಶಕ್ಕೆ ಮರಳಿ ವೈದ್ಯವೃತ್ತಿಯಲ್ಲಿದ್ದರು. ನಲವತ್ತು ದಾಟಿದ ಮೇಲೆ, 1958ರಲ್ಲಿ, ಮತ್ತೆ ಚೀನಾಕ್ಕೆ ಹೋಗಿ ಶಿಷ್ಯರಾಗಿ ಕುಳಿತು ಈ ವಿದ್ಯೆ ಕಲಿತರು. 1959ರಲ್ಲಿ ಕಲ್ಕತ್ತೆಯಲ್ಲಿ ಚಿಕಿತ್ಸೆ ಪ್ರಾರಂಭಿಸಿದರು. ಗಮನಿಸಿ: ಅವರು ಅದಾಗಲೇ ಪದವೀಧರ ವೈದ್ಯರು, ರಣರಂಗದಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು. ಅಂಥವರಿಗೂ ಮತ್ತೆ ಮೊದಲಿನಿಂದ ಕಲಿಯುವುದು ಅಗತ್ಯವೆನಿಸಿತು.

ಕಲಿಯುವುದಾದರೂ ಏನು? ಈ ವೈದ್ಯದ ಮೂಲಗ್ರಂಥ ‘ಹುವಾಂಗ್‌ಡಿ ನೈಜಿಂಗ್’ ಸುಮಾರು ಎರಡು ಸಾವಿರ ವರ್ಷಗಳಷ್ಟು ಹಳೆಯದು. ಪೀತ ಚಕ್ರವರ್ತಿ ಪ್ರಶ್ನಿಸುತ್ತಾನೆ, ಮಂತ್ರಿ ಚೀಬೊ ಉತ್ತರಿಸುತ್ತಾನೆ. ಶೂನ್ಯಸಂಪಾದನೆಯನ್ನು ಓದಿದವರಿಗೆ ಈ ಸಂವಾದರೂಪ ಹೊಸದೆನಿಸದು. ನಮ್ಮ ಪ್ರಾಣವಾಯುವನ್ನು ನೆನಪಿಸುವ ‘ಚೀ’ ಎಂಬ ಶಕ್ತಿ ದೇಹದ ಹನ್ನೆರಡು ಪ್ರಧಾನ ಮಾರ್ಗಗಳಲ್ಲಿ ಹರಿಯುವುದೆಂಬುದು ಅವರ ಕಲ್ಪನೆ. ಈಗ ಅಂಗೀಕೃತವಾಗಿರುವ ಬಿಂದುಗಳು 361. ಅಳತೆಗೋಲು ರೋಗಿಯ ಬೆರಳೇ. ಹೆಬ್ಬೆರಳ ಅಗಲ ಒಂದು ‘ತ್ಸುನ್’, ಕೂಡಿಸಿದ ನಾಲ್ಕು ಬೆರಳು ಮೂರು. ನಮ್ಮ ಆಯುರ್ವೇದದ ಅಂಗುಲಪ್ರಮಾಣವೂ ಹೀಗೆಯೇ. ಎರಡೂ ಮಣಿಕಟ್ಟುಗಳಲ್ಲಿ ಮೂರು ಮೂರು ಬೆರಳಿಟ್ಟು ನಾಡಿ ನೋಡುವುದನ್ನು ಕಲಿಯಲು ವರ್ಷಗಳೇ ಬೇಕು. ಎದೆಯ ಭಾಗದಲ್ಲಿ ಸೂಜಿ ಆಳಕ್ಕೆ ಇಳಿದರೆ ಶ್ವಾಸಕೋಶಕ್ಕೆ ತೂತು ಬೀಳಬಹುದು. ಕೈಯ ಒಂದು ಬಿಂದುವನ್ನು ಗರ್ಭಿಣಿಯರಲ್ಲಿ ಮುಟ್ಟಬಾರದೆಂಬ ಸಂಪ್ರದಾಯವಿದೆ. ಒಬ್ಬರಿಗೆ ಬಳಸಿದ ಸೂಜಿಯನ್ನು ಇನ್ನೊಬ್ಬರಿಗೆ ಬಳಸುವಂತಿಲ್ಲ. ಅಂಗರಚನಾಶಾಸ್ತ್ರವನ್ನು ಓದದವರು ಇದನ್ನೆಲ್ಲ ಹದಿನೈದು ದಿವಸದಲ್ಲಿ ಹೇಗೆ ಅರಿತಾರು?

ಉಜಿರೆಯ ಕಾಲೇಜು 1989ರಿಂದ ನಡೆಯುತ್ತಿದೆ. ಅಲ್ಲಿನ ಪದವಿಯಲ್ಲಿ ಅಂಗರಚನೆ, ರೋಗನಿದಾನ, ಪಥ್ಯಾಹಾರಗಳ ಜೊತೆಗೆ ಅಕ್ಯುಪಂಕ್ಚರ್ ಕೂಡ ಒಂದು ವಿಷಯ. ಕೊನೆಯ ಒಂದು ವರ್ಷ ಪ್ರತ್ಯಕ್ಷ ಸೇವೆ. ಪಶ್ಚಿಮ ಬಂಗಾಳ ಈ ಚಿಕಿತ್ಸೆಗೆ 1996ರಲ್ಲಿಯೇ ಕಾಯಿದೆ ಮಾಡಿತು. ಕೇಂದ್ರ ಸರ್ಕಾರ 2019ರಲ್ಲಿ ಮಾನ್ಯತೆ ನೀಡಿತು.

ಇಷ್ಟು ಹೇಳಿ, ಇದರ ಮಿತಿಯನ್ನು ಮರೆಮಾಚುವುದು ಸರಿಯಲ್ಲ. ಬೆನ್ನುನೋವು, ಮಂಡಿನೋವು, ಅರೆತಲೆನೋವುಗಳಲ್ಲಿ ಪ್ರಯೋಜನವುಂಟೆಂದು ಪರೀಕ್ಷೆಗಳು ಹೇಳುತ್ತವೆ. ಆದರೆ ಬಿಂದು ತಪ್ಪಿಸಿ ಚುಚ್ಚಿದವರಿಗೂ, ಚುಚ್ಚಿದಂತೆ ನಟಿಸಿದವರಿಗೂ ಸಾಕಷ್ಟು ಉಪಶಮನ ಕಂಡದ್ದುಂಟು. ಆದಕಾರಣ ವಿದ್ವಾಂಸರಲ್ಲಿ ವಾದ ಮುಗಿದಿಲ್ಲ. ಸಕ್ಕರೆ ಕಾಯಿಲೆಯನ್ನಾಗಲಿ, ಅರ್ಬುದವನ್ನಾಗಲಿ ಸೂಜಿ ಗುಣಪಡಿಸದು. ಚೀನೀ ವೈದ್ಯದ ಇನ್ನೊಂದು ಶಾಖೆಯಾದ ಮೂಲಿಕೆಯ ಮಾತೇ ಬೇರೆ. ತು ಯೂಯೂ ಎಂಬ ವಿದುಷಿ ಆಧುನಿಕ ಔಷಧಶಾಸ್ತ್ರ ಕಲಿತ ಮೇಲೆ ಎರಡೂವರೆ ವರ್ಷ ಚೀನೀ ವೈದ್ಯವನ್ನು ಓದಿದರು. ಮುಂದೆ ಪ್ರಾಚೀನ ಗ್ರಂಥದ ಸುಳಿವು ಹಿಡಿದು ಒಂದು ಗಿಡದಿಂದ ಮಲೇರಿಯಾಕ್ಕೆ ಮದ್ದು ತೆಗೆದು 2015ರಲ್ಲಿ ನೊಬೆಲ್ ಪಡೆದರು. ಆ ಗಿಡ ನಾವು ಪೂಜೆಗೆ ಏರಿಸುವ ಮಾಚಿಪತ್ರೆಯ ಕುಲದ್ದು. ಮಲೆನಾಡ ಜ್ವರದಿಂದ ಮನೆಮನೆಗಳೇ ಬರಿದಾದ ಕಥೆಯನ್ನು ಹಿರಿಯರಿಂದ ಕೇಳಿದ್ದ ಯಜಮಾನರು ಈ ಮಾತಿಗೆ ತಲೆದೂಗಿದರು.

ಆಗ ಒಳಗಿನಿಂದ ಮನೆಯ ತಾಯಿ ಕೇಳಿದರು: “ಊಟ, ಪಥ್ಯ ಅದನ್ನೂ ಕಲಿಸ್ತಾರಾ ಶಾಸ್ತ್ರಿಗಳೇ?” ಕಲಿಸದೆ ಇರುತ್ತಾರೆಯೇ? ಏಳನೆಯ ಶತಮಾನದ ಸುನ್ ಸಿಮಿಯಾವೊ ಎಂಬ ಚೀನೀ ವೈದ್ಯ, ಮೊದಲು ಆಹಾರದಿಂದ ಗುಣಪಡಿಸಲು ನೋಡಬೇಕು, ಆಗದಿದ್ದರೆ ಮಾತ್ರ ಮದ್ದು ಎಂದವನು. ಆ ದಿನ ನಮ್ಮ ಎಲೆಯಲ್ಲಿ ಅಕ್ಕಿರೊಟ್ಟಿಯ ಜೊತೆ ಕಳಲೆಯ ಪಲ್ಯವಿತ್ತು. ಎಳೆ ಬಿದಿರನ್ನು ಹೆಚ್ಚಿ, ದಿನವೂ ನೀರು ಬದಲಿಸುತ್ತ ಮೂರು ದಿನ ನೆನೆಸಿದ್ದೇನೆಂದು ಆ ತಾಯಿ ಹೇಳಿದರು. ಹಸಿ ಕಳಲೆಯಲ್ಲಿ ಸಯನೈಡ್ ವಿಷವನ್ನು ಬಿಡುವ ಅಂಶವಿರುತ್ತದೆ. ನೆನೆಸಿ ಬೇಯಿಸಿದರೆ ಅದು ಇಳಿಯುತ್ತದೆ. ಕಾಲೇಜಿನಲ್ಲಿ ಅದರ ಕಾರಣವನ್ನು ಮಗಳು ಕಲಿತಾಳು. ಕ್ರಮವನ್ನು ಆ ತಾಯಿ ತಮ್ಮ ಅತ್ತೆಯವರಿಂದಲೇ ಕಲಿತಿದ್ದಾರೆ.

ಯಜಮಾನರು ಬಹಳ ಹೊತ್ತು ಮಳೆಯನ್ನೇ ನೋಡುತ್ತ ಕುಳಿತಿದ್ದರು. “ಘಾಟೀಲಿ ಮಣ್ಣು ಜರಿಯದೇ ಇದ್ದರೆ ಬರೋ ಸೋಮವಾರ ಹೋಗಿ ಕಾಲೇಜು ನೋಡ್ಕೊಂಡು ಬರ್ತೀವಿ” ಎಂದರು. ಹಾಸ್ಟೆಲಿನ ಖರ್ಚಿನ ಲೆಕ್ಕ ಅವರ ಮನಸ್ಸಿನಲ್ಲಿ ಆಗಲೇ ನಡೆದಿತ್ತೆಂದು ತೋರುತ್ತದೆ.

ಹೊರಡುವ ಮುನ್ನ ಹುಡುಗಿ ಬಂದು ನಮಸ್ಕರಿಸಿ, ಮಂಡಿನೋವಿಗೆ ಹೆಸರಾದ ಬಿಂದು ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳಿಗೆ ಇದೆಯಂತೆ, ಪುಸ್ತಕದಲ್ಲಿ ಓದಿದ್ದೇನೆ ಎಂದಳು. ತನ್ನ ಬೆರಳು ಕೂಡಿಸಿ ಅಳೆಯಲು ಬಾಗಿದಳು. “ನಿನ್ನ ಬೆರಳಲ್ಲಮ್ಮ, ರೋಗಿಯದು” ಎಂದು ನನ್ನ ಕೈಯನ್ನೇ ಮುಂದೆ ಚಾಚಿದೆ.